ಓಣಂ ರಜೆಯಲ್ಲಿ ಮನೆಯಲ್ಲೇ ಮಾಡಿ ನೋಡಿ: ಗಿಡ ಮತ್ತು ಸಣ್ಣ ಜೀವಿಗಳಿಗೆ ಸುತ್ತಲಿನದ್ದು ಹೇಗೆ ಗೊತ್ತಾಗ್ತದೆ?

ಓಣಂ ರಜೆ ಸುರು ಆಗುವ ಹೊತ್ತಿಗೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮಳೆ ಬಿಟ್ಟು ಬಿಟ್ಟು ಬರ್ತಾ ಇರ್ತದೆ, ಅಡಿಕೆ ತೋಟದಲ್ಲಿ ನಾಚಿಕೆಮುಳ್ಳು ಕಾಲಿಡ್ಲಿಕ್ಕೆ ಜಾಗ ಇಲ್ಲದ ಹಾಗೆ ಹಬ್ಬಿರ್ತದೆ, ತೊಟ್ಟಿ ನೀರು ಹಸಿರಾಗಿರ್ತದೆ, ಬಿದ್ದು ಕೊಳೆತ ಅಡಿಕೆ ಮರದ ಮೇಲೆ ಹಳದಿ ಹಳದಿ ಎಂಥದೋ ಹರಡಿರ್ತದೆ. ಗಿಡಗಳು, ಸಣ್ಣ ಸಣ್ಣ ಜೀವಿಗಳು ಬೆಳಕಿಗೆ, ಮುಟ್ಟಿದ್ದಕ್ಕೆ, ಭೂಮಿಯ ಸೆಳೆತಕ್ಕೆ ಹೇಗೆ ಪ್ರತಿಕ್ರಿಯೆ ಕೊಡ್ತವೆ ಅಂತ ನೋಡ್ಲಿಕ್ಕೆ ಇಡೀ ವರ್ಷದಲ್ಲಿ ಇದಕ್ಕಿಂತ ಒಳ್ಳೆ ಸಮಯ ನಂಗೆ ಗೊತ್ತಿಲ್ಲ. ರಜೆಯೂ ಹತ್ತು ದಿವಸ ಉಂಟು, ಸರಿಯಾಗಿ ಸಾಕಾಗ್ತದೆ.

ನಾನು ಕನ್ನಡ ಮೀಡಿಯಂ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಪುಸ್ತಕದಲ್ಲಿ ದ್ಯುತಿ ಅನುವರ್ತನೆ (ಬೆಳಕಿಗೆ ತಿರುಗುವುದು), ಗುರುತ್ವಾನುವರ್ತನೆ (ಭೂಮಿಯ ಸೆಳೆತಕ್ಕೆ ತಿರುಗುವುದು) ಅಂತ ದೊಡ್ಡ ದೊಡ್ಡ ಶಬ್ದ ಇರ್ತದೆ, ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೀತಾರೆ, ಮಾರ್ಕೂ ಸಿಕ್ತದೆ, ಆದ್ರೆ ಮನೆ ಹಿಂದೆ ಚಪ್ಪರದ ಮೇಲೆ ಇರುವ ಹಾಗಲ ಬಳ್ಳಿ ಇವತ್ತು ಬೆಳಿಗ್ಗೆ ಅದನ್ನೇ ಮಾಡಿದೆ ಅಂತ ಒಬ್ಬರಿಗೂ ಹೊಳೆಯುವುದಿಲ್ಲ. ಅದು ನಂಗೆ ಭಾರೀ ಬೇಜಾರಿನ ವಿಷಯ. ಅದಕ್ಕೇ ಇದನ್ನು ಬರೀತಿದ್ದೇನೆ, ಅಪ್ಪ ಅಮ್ಮಂದಿರು ಓದಿ ಮಕ್ಕಳ ಒಟ್ಟಿಗೆ ಕೂತು ಮಾಡಿ, ಏಳನೇ ಎಂಟನೇ ಕ್ಲಾಸಿನ ಮಕ್ಕಳಾದ್ರೆ ಅವರೇ ಮಾಡಿಕೊಳ್ಳಬಹುದು.

ಸುರು ಮಾಡುವ ಮೊದಲು

ಸಾಮಾನು ಹೆಚ್ಚೇನೂ ಬೇಡ. ನಾಲ್ಕೈದು ತೆಂಗಿನ ಗೆರಟೆ, ಎರಡು ಚಪ್ಪಲಿ ಬಾಕ್ಸ್, ಒಂದು ಮುಷ್ಟಿ ಹೆಸರುಕಾಳು, ಸ್ವಲ್ಪ ಪಾಪ್‌ಕಾರ್ನ್ ಮಾಡುವ ಜೋಳ (ಹುರಿಯದ್ದು, ಮಸಾಲೆ ಹಾಕದ್ದು), ಹಳೇ ಸಿಡಿ ಕವರ್, ಚಾಕೊಲೇಟ್ ಸುತ್ತಿ ಬರುವ ಬೆಳ್ಳಿ ಕಾಗದ, ಕೆಂಪು ಮತ್ತು ನೀಲಿ ಬಣ್ಣದ ಜಿಲೇಟಿನ್ ಪೇಪರ್, ಒಂದು ಗಾಜಿನ ಬಾಟಲಿ, ಟಾರ್ಚು. ಮತ್ತೆ ಒಂದು ನೋಟ್ ಪುಸ್ತಕ, ಅದು ಬೇಕೇ ಬೇಕು.

ಒಂದು ನಿಯಮ ಮಾತ್ರ ಬಿಡಬಾರದು. ಯಾವ ಪ್ರಯೋಗ ಮಾಡಿದ್ರೂ ಜೋಡಿ ಇಡಿ. ಒಂದಕ್ಕೆ ನೀವು ಏನೋ ಒಂದು ಬದಲಾವಣೆ ಮಾಡ್ತೀರಿ, ಇನ್ನೊಂದಕ್ಕೆ ಅದನ್ನು ಮಾಡುವುದಿಲ್ಲ, ಬಾಕಿ ಎಲ್ಲ ಒಂದೇ ಥರ ಇರಬೇಕು, ಅದೇ ಮಣ್ಣು, ಅಷ್ಟೇ ನೀರು, ಅದೇ ಜಾಗ.

ಇದು ನಂಗೆ ಗೊತ್ತಾದದ್ದು ಹೇಗೆ ಹೇಳಿದ್ರೆ, ಸುಮಾರು ವರ್ಷದ ಹಿಂದೆ ಕ್ಲಾಸಿನಲ್ಲಿ ಬಾಕ್ಸಿಗೆ ತೂತು ಮಾಡಿ ಒಳಗೆ ಹೆಸರು ಗಿಡ ಇಟ್ಟು, ಎರಡು ದಿನ ಬಿಟ್ಟು ತೆಗೆದು, ನೋಡಿ ಮಕ್ಕಳೇ ಗಿಡ ಬೆಳಕಿನ ಕಡೆ ಬಾಗಿದೆ ಅಂತ ಖುಷಿಯಲ್ಲಿ ತೋರಿಸ್ತಾ ಇದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಟೀಚರೇ, ಆ ತೂತಲ್ಲಿ ಗಾಳಿಯೂ ಬರ್ತದಲ್ಲ, ಅದು ಬೆಳಕಿಗೆ ಬಾಗಿದ್ದಾ ಗಾಳಿಗೆ ಬಾಗಿದ್ದಾ?" ಅಂತ ಕೇಳಿದ್ಲು. ನನ್ನ ಹತ್ರ ಉತ್ತರ ಇರಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ್ರಲ್ಲಿ ಅಷ್ಟು ಒಳ್ಳೆ ಪ್ರಶ್ನೆ ನಂಗೆ ಇನ್ನೊಂದು ಸಿಕ್ಕಿಲ್ಲ, ಈಗ ನಾನು ಆ ಪ್ರಯೋಗ ಮಾಡಿಸುವುದು ಅವಳ ಪ್ರಶ್ನೆಯಿಂದಲೇ.

ಹೆಸರುಕಾಳು ಮತ್ತು ತೂತಿನ ಬಾಕ್ಸು

ರಾತ್ರಿ ಹೆಸರುಕಾಳು ನೀರಲ್ಲಿ ಹಾಕಿ, ಬೆಳಿಗ್ಗೆ ನೀರು ಚೆಲ್ಲಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಸಾಂಬಾರಿಗೆ ಮೊಳಕೆ ಬರಿಸುವ ಹಾಗೇ. ಮರುದಿವಸ ಮೊಳಕೆ ಬಂದದ್ದನ್ನು ಮೂರು ಗೆರಟೆಯಲ್ಲಿ ಮಣ್ಣು ತುಂಬಿಸಿ ಐದೈದು ಹಾಕಿ. ಗೆರಟೆಯ ಕಣ್ಣು ಒಂದನ್ನು ತೂತು ಮಾಡಿಕೊಳ್ಳಿ, ಇಲ್ಲದಿದ್ರೆ ನೀರು ನಿಂತು ಕೊಳೀತದೆ. ಮೂರು ದಿವಸದಲ್ಲಿ ಬೆರಳುದ್ದ ಬರ್ತದೆ.

ಈಗ ಒಂದು ಬಾಕ್ಸಿನ ಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿ ಹಾಗೇ ಬಿಡಿ. ಇನ್ನೊಂದು ಬಾಕ್ಸಿಗೂ ಅಷ್ಟೇ ತೂತು ಮಾಡಿ, ಅದಕ್ಕೆ ಒಳಗಿಂದ ಬಣ್ಣ ಇಲ್ಲದ ಪ್ಲಾಸ್ಟಿಕ್ ತುಂಡು ಗಮ್ ಟೇಪಲ್ಲಿ ಅಂಟಿಸಿ, ಅಂದ್ರೆ ಬೆಳಕು ಬರ್ತದೆ ಗಾಳಿ ಬರುವುದಿಲ್ಲ. ಮೂರನೇ ಗೆರಟೆ ಹೊರಗೆ ಜಗಲಿಯಲ್ಲಿ ಇರ್ಲಿ. ಎರಡು ಬಾಕ್ಸನ್ನೂ ಕಿಟಕಿ ಹತ್ರ, ತೂತು ಕಿಟಕಿಯ ಕಡೆಗೆ ಬರುವ ಹಾಗೆ ಇಟ್ಟು ಒಂದು ದಿವಸ ಮುಟ್ಟಬೇಡಿ. ನಾಳೆ ಇದೇ ಹೊತ್ತಿಗೆ ತೆಗೆದ್ರೆ ಎರಡರಲ್ಲೂ ಗಿಡ ತೂತಿನ ಕಡೆ ಬಗ್ಗಿರ್ತದೆ, ಜಗಲಿಯದ್ದು ಹೆಚ್ಚು ಕಡಿಮೆ ನೇರ ಇರ್ತದೆ. ಬಾಕ್ಸಿನ ಒಳಗಿನದ್ದು ಸ್ವಲ್ಪ ಬಿಳಿಚಿಕೊಂಡು ಉದ್ದವೂ ಆಗಿರ್ತದೆ, ಕತ್ತಲೆಯಲ್ಲಿ ಗಿಡ ಎಲೆಗೆ ಖರ್ಚು ಮಾಡದೆ ಕಾಂಡವನ್ನೇ ಎಳೆದು ಎಳೆದು ಬೆಳಕು ಹುಡುಕ್ತದೆ. ಅದೂ ಒಂದು ಪ್ರತಿಕ್ರಿಯೆಯೇ, ಬರ್ಕೊಳ್ಳಿ.

ಆಮೇಲೆ ಗೆರಟೆಯನ್ನು ಅರ್ಧ ಸುತ್ತು ತಿರುಗಿಸಿ ವಾಪಸ್ ಇಡಿ. ಮರುದಿವಸ ಗಿಡ ಅಂಕುಡೊಂಕು ಆಗಿರ್ತದೆ, ಕೆಳಗಿನ ಹಳೇ ಬಾಗು ಹಾಗೇ ಉಂಟು, ಮೇಲಿನ ಎಳತು ಭಾಗ ಮಾತ್ರ ಹೊಸದಾಗಿ ಈಚೆ ತಿರುಗಿದೆ. ಇದರಿಂದ ಒಂದು ಗೊತ್ತಾಗ್ತದೆ, ಗಿಡ ಬಾಗುವುದು ನಾವು ಮೊಣಕೈ ಮಡಚಿದ ಹಾಗಲ್ಲ, ಬೆಳೆಯುವ ಜಾಗದಲ್ಲಿ ಒಂದು ಬದಿ ಜಾಸ್ತಿ ಬೆಳೆದು ಇನ್ನೊಂದು ಬದಿ ಕಡಿಮೆ ಬೆಳೆದು ಬಾಗುವುದು. ಆಕ್ಸಿನ್ ಅಂತ ಒಂದು ಹಾರ್ಮೋನ್ ಉಂಟು, ಅದು ನೆರಳಿನ ಬದಿಗೆ ಹೆಚ್ಚು ಸರೀತದೆ, ಅಲ್ಲಿಯ ಕೋಶಗಳು ಹೆಚ್ಚು ಉದ್ದ ಆಗ್ತವೆ, ಆಗ ಕಾಂಡ ಬೆಳಕಿನ ಕಡೆಗೆ ವಾಲ್ತದೆ. ಹಲಸಿನ ಮರದ ಅಡಿಗೆ ಸಿಕ್ಕಿದ ಅಡಿಕೆ ಸಸಿ ಓರೆಯಾಗಿ ಹೋಗುವುದು, ಹೊಳೆ ಬದಿಯ ತೆಂಗು ನೀರಿನ ಮೇಲೆ ಬಾಗುವುದು, ಅಲ್ಲೆಲ್ಲ ಇದೇ ಬೆಳಕಿನ ಹುಡುಕಾಟ ಉಂಟು.

ಇನ್ನೂ ಆಸಕ್ತಿ ಇದ್ದವರು ಡಾರ್ವಿನ್ ಮಾಡಿದ್ದನ್ನೇ ಮಾಡಬಹುದು. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಬರೆದಿದ್ದಾರೆ, ಒಂದು ಜಾತಿ ಹುಲ್ಲಿನ ಮೊಳಕೆಯ ತುದಿಗೆ ಟೊಪ್ಪಿ ಹಾಕಿದ್ರೆ ಅದು ಬೆಳಕಿನ ಕಡೆ ಬಾಗುವುದೇ ಇಲ್ಲ ಅಂತ. ನಾವು ಜೋಳದಲ್ಲಿ ಮಾಡುವ. ಜೋಳವನ್ನು ಕತ್ತಲೆಯಲ್ಲೇ ಮೊಳಕೆ ಬರಿಸಿ, ಎಲೆ ಒಡೆಯುವ ಮೊದಲು ಈಟಿಯ ಹಾಗೆ ಒಂದು ಕೊಳವೆ ಮೇಲೆ ಬಂದಿರ್ತದಲ್ಲ, ಅದು ಎರಡು ಸೆಂಟಿಮೀಟರ್ ಆಗುವಾಗ ಕೆಲವಕ್ಕೆ ತುದಿಗೆ ಬೆಳ್ಳಿ ಕಾಗದದ ಸಣ್ಣ ಟೊಪ್ಪಿ, ಕೆಲವಕ್ಕೆ ತುದಿ ಬಿಟ್ಟು ಬುಡಕ್ಕೆ ಸುತ್ತು, ಕೆಲವು ಖಾಲಿ. ತೂತಿನ ಬಾಕ್ಸಲ್ಲಿ ಒಂದು ದಿವಸ. ಟೊಪ್ಪಿ ಹಾಕಿದ್ದು ನೇರ ನಿಲ್ತದೆ, ಬುಡ ಸುತ್ತಿದ್ದು ಬಾಗ್ತದೆ. ಹೇಳಿದ್ರೆ ಬೆಳಕು ಗೊತ್ತಾಗುವುದು ತುದಿಗೆ, ಬಾಗುವುದು ಅದರ ಕೆಳಗೆ, ಮಧ್ಯದಲ್ಲಿ ಏನೋ ಒಂದು ಸುದ್ದಿ ಇಳಿದು ಹೋಗ್ತದೆ. ಆ ಸುದ್ದಿ ಆಕ್ಸಿನ್ ಅಂತ ಗೊತ್ತಾಗ್ಲಿಕ್ಕೆ ಮತ್ತೆ ನಲ್ವತ್ತಕ್ಕಿಂತ ಹೆಚ್ಚು ವರ್ಷ ಬೇಕಾಯ್ತು. ಟೊಪ್ಪಿ ಮಾಡುವಾಗ ಬಿಗಿ ಮಾಡಬೇಡಿ, ಮೊಳಕೆ ತುದಿ ಜಜ್ಜಿದ್ರೆ ಪ್ರಯೋಗವೇ ಹಾಳು.

ತೂತಿಗೆ ಕೆಂಪು ಜಿಲೇಟಿನ್ ಪೇಪರ್ ಮೂರು ಪದರ ಅಂಟಿಸಿ ಒಂದು ಬಾಕ್ಸು, ನೀಲಿ ಅಂಟಿಸಿ ಒಂದು ಬಾಕ್ಸು ಹಾಗೂ ಮಾಡಿ. ನೀಲಿಗೆ ಬಾಗ್ತದೆ, ಕೆಂಪಿಗೆ ಬಾಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಳಕಿನ ದಿಕ್ಕು ಹಿಡಿಯುವ ಪ್ರೋಟೀನು ನೀಲಿ ಬೆಳಕನ್ನೇ ಹಿಡಿಯುವಂಥದ್ದು. ಆ ಕೆಂಪು ಪೇಪರ್ ಬಿಸಾಡಬೇಡಿ, ಎರೆಹುಳಕ್ಕೆ ಬೇಕು.

ಸಿಡಿ ಕವರಲ್ಲಿ ಬೇರು

ಸಿಡಿ ಕವರಿನ ಒಳಗೆ ಪೇಪರ್ ನ್ಯಾಪ್ಕಿನ್ ನಾಲ್ಕು ಮಡಿಕೆ ಮಾಡಿ ಒದ್ದೆ ಮಾಡಿ ಇಡಿ, ಅದರ ಮೇಲೆ ಮೊಳಕೆ ಬಂದ ಹೆಸರು ಅಥವಾ ಹುರುಳಿ ನಾಲ್ಕು ಕಾಳು, ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಿ. ಅಡಿಯಲ್ಲಿ ಒಂದು ತಟ್ಟೆಯಲ್ಲಿ ಸ್ವಲ್ಪ ನೀರು. ಇದನ್ನು ಕಪಾಟಿನ ಒಳಗೆ ಕತ್ತಲೆಯಲ್ಲೇ ಇಡಬೇಕು, ಯಾಕೆ ಹೇಳಿದ್ರೆ ಬೆಳಕು ಬಂದ್ರೆ ಅದು ಬೆಳಕಿಗೆ ತಿರುಗಿದ್ದಾ ಭೂಮಿಗೆ ತಿರುಗಿದ್ದಾ ಅಂತ ಪುನಃ ಆ ಹುಡುಗಿಯ ಪ್ರಶ್ನೆಯೇ ಬರ್ತದೆ. ಬೇರು ಎರಡು ಸೆಂಟಿಮೀಟರ್ ಆದ ಮೇಲೆ ಕವರನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿ, ಕವರಿನ ಮೇಲೆ ಪೆನ್ನಿನಲ್ಲಿ ಬೇರಿನ ತುದಿ ಎಲ್ಲಿ ಉಂಟು ಅಂತ ಗುರುತು ಹಾಕಿ. ಬೆಳಿಗ್ಗೆ ತಿರುಗಿಸಿದ್ರೆ ಸಂಜೆಗೆ ಬೇರು ಕೆಳಗೆ, ಕಾಂಡ ಮೇಲೆ ತಿರುಗಲಿಕ್ಕೆ ಸುರು ಮಾಡಿರ್ತದೆ. ಜೋಡಿ ಕವರು ತಿರುಗಿಸದೆ ಪಕ್ಕದಲ್ಲೇ ಇರ್ಲಿ.

ಬೇರಿನ ತುದಿಯ ಟೊಪ್ಪಿಯಂಥ ಭಾಗದಲ್ಲಿ ಪಿಷ್ಟದ ಕಾಳುಗಳು ಇರ್ತವೆ, ಬಾಟಲಿಯ ತಳದಲ್ಲಿ ಮರಳು ಕೂತ ಹಾಗೆ ಅವು ಕೋಶದ ಅಡಿಗೆ ಕೂರ್ತವೆ. ಬೇರನ್ನು ಅಡ್ಡ ಮಲಗಿಸಿದ್ರೆ ಆ ಕಾಳುಗಳು ಹೊಸ ಅಡಿಗೆ ಬೀಳ್ತವೆ, ಅದರಿಂದ ಕೆಳಗೆ ಯಾವುದು ಅಂತ ಬೇರಿಗೆ ಗೊತ್ತಾಗ್ತದೆ. ಒಂದು ಬೇರಿನ ತುದಿ ಒಂದೆರಡು ಮಿಲಿಮೀಟರ್ ಬ್ಲೇಡಿಂದ ಕತ್ತರಿಸಿ (ದೊಡ್ಡವರು ಮಾಡಿಕೊಡಿ) ತಿರುಗಿಸಿ ನೋಡಿ, ಉದ್ದ ಬೆಳೀತದೆ ಆದ್ರೆ ಬಾಗ್ಲಿಕ್ಕೆ ಗೊತ್ತಾಗುವುದಿಲ್ಲ, ಹೊಸ ತುದಿ ಬರುವವರೆಗೆ. ಇನ್ನೊಂದು ಚೋದ್ಯ, ಅದೇ ಆಕ್ಸಿನ್ ಕಾಂಡದಲ್ಲಿ ಬೆಳವಣಿಗೆ ಜಾಸ್ತಿ ಮಾಡ್ತದೆ, ಬೇರಿನಲ್ಲಿ ಅಷ್ಟೇ ಪ್ರಮಾಣ ಬೆಳವಣಿಗೆಗೆ ತಡೆ ಆಗ್ತದೆ. ಎರಡರಲ್ಲೂ ಅದು ಕೆಳಗಿನ ಬದಿಗೇ ಸೇರುವುದು, ಆದ್ರೆ ಕಾಂಡ ಮೇಲೆ ಏಳ್ತದೆ, ಬೇರು ಕೆಳಗೆ ಬಗ್ತದೆ.

1806ರಲ್ಲೇ ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ತನ್ನ ತೋಟದ ತೊರೆಯ ನೀರಿನಿಂದ ತಿರುಗುವ ಚಕ್ರಕ್ಕೆ ಬೀಜ ಕಟ್ಟಿ ನೋಡಿದ್ದರು. ಚಕ್ರ ಜೋರಾಗಿ ತಿರುಗುವಾಗ ಬೇರು ಹೊರಗೆ, ಕಾಂಡ ಚಕ್ರದ ನಡುವಿನ ಕಡೆಗೆ ಬೆಳೆಯಿತಂತೆ, ಅಂದ್ರೆ ಬೇರು ಎಳೆತ ಇದ್ದ ಕಡೆಗೆ, ಕಾಂಡ ಅದರ ಎದುರು ದಿಕ್ಕಿಗೆ. ನೀರು, ಚಕ್ರ, ಬೀಜ, ಅಷ್ಟರಲ್ಲೇ ಇಷ್ಟು ದೊಡ್ಡ ವಿಷಯ ಗೊತ್ತಾಯ್ತು ಅಂತ ಮಕ್ಕಳಿಗೆ ಹೇಳಿದ್ರೆ ಕಣ್ಣು ಬಿಟ್ಟು ಕೇಳ್ತಾರೆ.

ನಾಚಿಕೆಮುಳ್ಳಿಗೆ ಎರಡು ದಿವಸ ಕೊಡಿ

ಮುಟ್ಟಿದ್ರೆ ಮುನಿ, ಮಲಯಾಳದಲ್ಲಿ ತೊಟ್ಟಾವಾಡಿ. ಇದು ನಮ್ಮ ಊರಿನದ್ದಲ್ಲ, ಅಮೆರಿಕಾ ಖಂಡದ ಬಿಸಿ ಪ್ರದೇಶದಿಂದ ಬಂದದ್ದು, ಈಗ ತೋಟದವರಿಗೆ ತಲೆನೋವು. ತೋಟದಲ್ಲಿ ಇನ್ನೊಂದು ದೊಡ್ಡ ಜಾತಿಯೂ ಉಂಟು, ಆನತೊಟ್ಟಾವಾಡಿ ಹೇಳ್ತಾರೆ, ಅದು ಮುದುಡುವುದು ನಿಧಾನ, ಮುಳ್ಳೂ ಜೋರು, ಅದು ಬೇಡ. ಗುಲಾಬಿ ಉಂಡೆ ಹೂ ಬಿಡುವ ಸಣ್ಣದನ್ನೇ ಮಣ್ಣು ಸಮೇತ ಅಗೆದು ಎರಡು ಚಟ್ಟಿಯಲ್ಲಿ ನೆಡಿ. ತಂದ ದಿವಸ ಅದು ಬಾಡಿ ಸುಸ್ತಾಗಿರ್ತದೆ, ಮೂರ್ನಾಲ್ಕು ದಿವಸ ನೆರಳಲ್ಲಿ ಇಟ್ಟು ಸರಿಯಾದ ಮೇಲೆ ಸುರು ಮಾಡಿ. ಅದಕ್ಕೇ ರಜೆಯ ಮೊದಲ ದಿವಸವೇ ಇದನ್ನು ಅಗೆದು ತನ್ನಿ.

ಮೊದಲು ಒಂದು ಎಲೆಯ ತುದಿಯ ಚಿಕ್ಕ ಜೋಡಿಯನ್ನು ಮಾತ್ರ ಕಡ್ಡಿಯಿಂದ ಮೆಲ್ಲ ಮುಟ್ಟಿ, ಮಡಚುವುದು ಎಷ್ಟು ದೂರ ಹೋಗ್ತದೆ ನೋಡಿ. ಆಮೇಲೆ ಗಟ್ಟಿಯಾಗಿ ಮುಟ್ಟಿ, ಇಡೀ ಎಲೆ ತೊಟ್ಟಿನ ಬುಡದಿಂದಲೇ ಧೊಪ್ ಅಂತ ಕೆಳಗೆ ಬೀಳ್ತದೆ. ತೊಟ್ಟಿನ ಬುಡ ಸ್ವಲ್ಪ ಉಬ್ಬಿದ ಹಾಗೆ ಇರ್ತದೆ, ಭೂತಕನ್ನಡಿಯಲ್ಲಿ ತೋರಿಸಿ, ಇಡೀ ಕೆಲಸ ನಡೆಯುವುದು ಅಲ್ಲಿ. ಆ ಉಬ್ಬಿನ ಕೆಳಬದಿಯ ಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗ್ತದೆ, ಅದರ ಹಿಂದೆ ನೀರೂ ಹೊರಗೆ ಹೋಗ್ತದೆ, ಗಾಳಿ ಹೋದ ಸೈಕಲ್ ಟ್ಯೂಬಿನ ಹಾಗೆ ಆ ಬದಿ ಮೆತ್ತಗಾಗಿ ಎಲೆ ಬೀಳ್ತದೆ. ನೀರು ವಾಪಸ್ ತುಂಬಿ ಎಲೆ ಬಿಚ್ಚಲಿಕ್ಕೆ ಸಾಮಾನ್ಯ ಹತ್ತಿಪ್ಪತ್ತು ನಿಮಿಷ ಬೇಕು. ಮೊಬೈಲಿನ ಸ್ಟಾಪ್‌ವಾಚಲ್ಲಿ ಅಳೆಯಿರಿ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮಳೆ ಬಂದು ತಂಪಾದಾಗ ಒಮ್ಮೆ. ಒಂದೇ ಎಲೆಗೆ ಪದೇ ಪದೇ ಉಪದ್ರ ಕೊಡದೆ ಬೇರೆ ಬೇರೆ ಎಲೆಯಲ್ಲಿ ಮೂರು ಸಲ ಅಳೆದು ಬರ್ಕೊಂಡ್ರೆ ಒಳ್ಳೆದು.

ಉರಿಯುವ ಊದುಬತ್ತಿಯನ್ನು ಒಂದು ಚಿಕ್ಕ ಎಲೆಯ ಹತ್ರ ಒಂದೆರಡು ಸೆಕೆಂಡ್ ಹಿಡಿದ್ರೆ ಮುಟ್ಟಿದ್ದಕ್ಕಿಂತ ತುಂಬ ದೂರ ಸುದ್ದಿ ಹೋಗ್ತದೆ, ಪಕ್ಕದ ಎಲೆಗಳೂ ಒಂದೊಂದಾಗಿ ಬೀಳ್ತವೆ. ಮುಟ್ಟಿದ್ದು ಬೇರೆ, ಗಾಯ ಬೇರೆ ಅಂತ ಗಿಡಕ್ಕೆ ವ್ಯತ್ಯಾಸ ಉಂಟು ಅಂತ ಆಯ್ತು. ಈ ಸುದ್ದಿ ವಿದ್ಯುತ್ತಿನ ರೂಪದಲ್ಲಿ ಹೋಗ್ತದೆ ಅಂತ ಇದೇ ಗಿಡ ಇಟ್ಟುಕೊಂಡು ಅಳೆದು ತೋರಿಸಿದವರು ನಮ್ಮ ಜಗದೀಶ್ ಚಂದ್ರ ಬೋಸ್ (1858-1937). 1917ರಲ್ಲಿ ಕೋಲ್ಕತ್ತಾದಲ್ಲಿ ಅವರು ಕಟ್ಟಿದ ಸಂಸ್ಥೆ ಈಗಲೂ ಉಂಟು. ಊದುಬತ್ತಿಯದ್ದು ಒಂದು ಸಲ ಸಾಕು, ಗಿಡಕ್ಕೆ ಅದು ನಿಜವಾದ ಗಾಯ.

ನಂಗೆ ಎಲ್ಲಕ್ಕಿಂತ ಇಷ್ಟ ಕತ್ತಲೆಯ ಪ್ರಯೋಗ. ಸಂಜೆ ಆದ ಮೇಲೆ ನಾಚಿಕೆಮುಳ್ಳು ಯಾರೂ ಮುಟ್ಟದೆಯೇ ಮುದುಡಿ ಮಲಗ್ತದೆ, ಬೆಳಿಗ್ಗೆ ಬಿಚ್ತದೆ, ಹುಣಸೆ, ಚಗಟೆ, ನೆಲನೆಲ್ಲಿ ಕೂಡ ಹಾಗೇ. ಅದು ಬೆಳಕು ಹೋದದ್ದಕ್ಕೆ ಮಲಗುವುದಾ? 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಅಂತ ಖಗೋಳ ಶಾಸ್ತ್ರದವರು ಗಿಡವನ್ನು ಕತ್ತಲೆಯಲ್ಲೇ ಇಟ್ಟು ನೋಡಿದ್ರು, ಬೆಳಕು ಇಲ್ಲದಿದ್ರೂ ಹಗಲು ಹೊತ್ತಿಗೆ ಬಿಚ್ಚಿ ರಾತ್ರಿ ಹೊತ್ತಿಗೆ ಮಡಚಿತು. ನಮ್ಮ ಮನೆಯಲ್ಲಿ ಭತ್ತ ತುಂಬಿಸುವ ಹಳೇ ಪತ್ತಾಯ ಖಾಲಿ ಉಂಟು, ನಾನು ಚಟ್ಟಿಯನ್ನು ಅದರೊಳಗೆ ಇಡ್ತೇನೆ, ನಿಮ್ಮಲ್ಲಿ ಕಪಾಟಾದ್ರೂ ಆಗ್ತದೆ, ಬೆಳಕಿನ ಸಂದು ಇರಬಾರದು ಅಷ್ಟೆ. ರಾತ್ರಿ ಇಟ್ಟು ಮರುದಿವಸ ಹತ್ತು ಗಂಟೆಗೆ ಮುಚ್ಚಳ ಸ್ವಲ್ಪ ಎತ್ತಿ ಒಂದು ನೋಟ ನೋಡಿ ಕೂಡ್ಲೆ ಮುಚ್ಚಿ, ರಾತ್ರಿ ಒಂಬತ್ತಕ್ಕೆ ಪುನಃ ಒಮ್ಮೆ. ಮೊದಲ ಸಲ ಕತ್ತಲೆ ಪತ್ತಾಯದ ಒಳಗೆ ಎಲೆ ಬಿಚ್ಚಿಕೊಂಡು ನಿಂತದ್ದನ್ನು ನೋಡಿದಾಗ ನಂಗೆ ಮೈ ಜುಂ ಅಂತು. ಒಳಗೇ ಒಂದು ಗಡಿಯಾರ ಉಂಟು ಅದಕ್ಕೆ. ಎರಡು ದಿವಸಕ್ಕಿಂತ ಹೆಚ್ಚು ಇಡಬೇಡಿ, ಗಿಡ ಸೋಲ್ತದೆ.

ತಾಳ್ಮೆ ಇದ್ದ ಮಕ್ಕಳಿಗೆ ಇನ್ನೊಂದು. ಚಟ್ಟಿಯ ಅಡಿಯಲ್ಲಿ ದಪ್ಪ ಸ್ಪಂಜ್ ಇಟ್ಟು 15 ಸೆಂಟಿಮೀಟರ್ ಎತ್ತರದಿಂದ ನೇರ ಬೀಳಿಸುವುದು, ಕೆಲವು ಸೆಕೆಂಡಿಗೆ ಒಮ್ಮೆ, 60 ಸಲ. ಮೊದಲ ಕೆಲವು ಸಲ ಮುದುಡ್ತದೆ, ಆಮೇಲೆ ಇದು ಅಪಾಯದ್ದಲ್ಲ ಅನ್ನುವ ಹಾಗೆ ಬಿಚ್ಚಿಯೇ ಇರ್ತದೆ. ಆಗ ಕಡ್ಡಿಯಿಂದ ಮುಟ್ಟಿ ನೋಡಿ, ಮುದುಡಿದ್ರೆ ಅದು ಸುಸ್ತಾದದ್ದಲ್ಲ ಅಂತ ಗೊತ್ತಾಗ್ತದೆ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಇದೇ ಪ್ರಯೋಗ ಮಾಡಿ, ಗಿಡ ಒಂದು ತಿಂಗಳ ಹತ್ರ ಅದನ್ನು ನೆನಪಿಟ್ಟುಕೊಂಡಿದೆ ಅಂತ ಬರೆದಿದ್ದಾರೆ, ಅದಕ್ಕೆ ನೆನಪು ಅನ್ನಬಹುದಾ ಬೇಡ್ವಾ ಅಂತ ವಿಜ್ಞಾನಿಗಳಲ್ಲೇ ಚರ್ಚೆ ಉಂಟು. ನಾನು ಮಕ್ಕಳಿಗೆ ಅಭ್ಯಾಸ ಆಯ್ತು ಅಂತ ಮಾತ್ರ ಹೇಳ್ತೇನೆ, ಕಂಡದ್ದಕ್ಕಿಂತ ಹೆಚ್ಚು ಹೇಳುವುದು ಬೇಡ ಅಂತ.

ಚಪ್ಪರದ ಬಳ್ಳಿ

ಹಾಗಲ, ಮುಳ್ಳುಸೌತೆ, ಪಡುವಲ, ಪ್ಯಾಶನ್ ಫ್ರೂಟ್ ಯಾವುದಾದ್ರೂ ಆಗ್ತದೆ. ಎಲ್ಲಿಗೂ ಹಿಡ್ಕೊಳ್ಳದೆ ಗಾಳಿಯಲ್ಲಿ ಚಾಚಿಕೊಂಡ ಎಳೇ ಕುಡಿಬಳ್ಳಿ ಒಂದನ್ನು ಆರಿಸಿ, ಅದರ ತುದಿಯ ಹತ್ರ ಕೆಳಬದಿಗೆ ಬೆಂಕಿಕಡ್ಡಿಯಿಂದ ಮೆಲ್ಲ ನಾಲ್ಕೈದು ಸಲ ಉಜ್ಜಿ. ಕುರ್ಚಿ ಹಾಕಿ ಕೂತ್ಕೊಳ್ಳಿ. ಪ್ಯಾಶನ್ ಫ್ರೂಟ್ ಆದ್ರೆ ಬೇಗ, ಸೌತೆ ಆದ್ರೆ ಸ್ವಲ್ಪ ತಡ, ಕೆಲವೇ ನಿಮಿಷದಲ್ಲಿ ಕೊಂಡಿ ಹಾಗೆ ಬಾಗ್ತದೆ. ಏನೂ ಸಿಗದಿದ್ರೆ ಆಮೇಲೆ ಪುನಃ ನೇರ ಆಗ್ತದೆ.

ಈಗ ಪಕ್ಕದ ಇನ್ನೊಂದು ಕುಡಿಗೆ ಡ್ರಾಪರಿಂದ ನೀರು ಬೀಳಿಸಿ, ಹತ್ತು ಹನಿ, ಇಪ್ಪತ್ತು ಹನಿ. ಬಾಗುವುದಿಲ್ಲ! ಡಾರ್ವಿನ್ನೂ ಇದನ್ನು ನೋಡಿ ಬರೆದಿದ್ದಾರೆ. ಜೂನಿಂದ ಸುರು ಆದ್ರೆ ನಮ್ಮಲ್ಲಿ ಬೀಳುವ ಮಳೆಗೆ ಹನಿ ಹನಿಗೂ ಬಾಗ್ತಾ ಕೂತ್ರೆ ಆ ಬಳ್ಳಿ ಚಪ್ಪರ ಹತ್ತುವುದು ಯಾವಾಗ, ಹಾಗಾಗಿ ಹನಿ ಯಾವುದು ಹಗ್ಗ ಯಾವುದು ಅಂತ ಅದಕ್ಕೆ ಗೊತ್ತಾಗ್ತದೆ. ಇದನ್ನು ಮಕ್ಕಳು ಸ್ವತಃ ಕಂಡುಹಿಡಿಯಬೇಕು, ನೀವು ಮೊದಲೇ ಹೇಳಬೇಡಿ.

ಹಿಡ್ಕೊಂಡು ಸ್ಪ್ರಿಂಗ್ ಆದ ಹಳೇ ಕುಡಿಯನ್ನೂ ತೋರಿಸಿ. ನಡುವಿನಲ್ಲಿ ಒಂದು ಕಡೆ ಸುತ್ತು ಉಲ್ಟಾ ತಿರುಗಿರ್ತದೆ, ಎರಡು ತುದಿಯೂ ಸಿಕ್ಕಿಕೊಂಡ ಹಗ್ಗವನ್ನು ಹುರಿ ಮಾಡ್ಲಿಕ್ಕೆ ಅದೊಂದೇ ದಾರಿ. ಅಲಸಂಡೆಗೆ ಕುಡಿ ಇಲ್ಲ, ಬಳ್ಳಿಯೇ ಕೋಲಿಗೆ ಸುತ್ತುವುದು, ಅದೂ ಯಾವಾಗಲೂ ಒಂದೇ ದಿಕ್ಕಿಗೆ. ಬಿಚ್ಚಿ ಉಲ್ಟಾ ಸುತ್ತಿ ದಾರ ಕಟ್ಟಿ, ಎರಡು ದಿವಸದಲ್ಲಿ ಹೊಸ ತುದಿ ಪುನಃ ತನ್ನ ದಿಕ್ಕಿಗೇ ಹೋಗಿರ್ತದೆ.

ಕಾಳುಮೆಣಸು ಇದ್ದವರು ಇನ್ನೊಂದು ಗಮನಿಸಿ. ಮರಕ್ಕೆ ಹತ್ತುವ ಬಳ್ಳಿ ಗಂಟು ಗಂಟಿಗೂ ಬೇರು ಬಿಟ್ಟು ಅಂಟಿಕೊಳ್ತದೆ, ಕಾಯಿ ಬಿಡುವ ಅಡ್ಡ ಗೆಲ್ಲು ಹಾಗೆ ಅಂಟಿಕೊಳ್ಳುವುದಿಲ್ಲ. ಆ ಅಡ್ಡ ಗೆಲ್ಲನ್ನೇ ತುಂಡು ಮಾಡಿ ಬೇರು ಬರಿಸಿ ಚಟ್ಟಿಯಲ್ಲಿ ನೆಟ್ರೆ ಅದು ಹತ್ತುವ ವಿಷಯವನ್ನೇ ಬಿಟ್ಟು ಪೊದೆಯಾಗಿ ಬೆಳೀತದೆ, ಬುಷ್ ಪೆಪ್ಪರ್ ಅಂತ ನರ್ಸರಿಯಲ್ಲಿ ಮಾರುವುದು ಅದನ್ನೇ. ಒಂದೇ ಗಿಡದ ಎರಡು ಗೆಲ್ಲಿಗೆ ಎರಡು ಸ್ವಭಾವ.

ಹಸಿರು ನೀರಿನ ಬಾಟಲಿ

ಕಣ್ಣಿಗೆ ಕಾಣದ್ದನ್ನು ಮೈಕ್ರೋಸ್ಕೋಪ್ ಇಲ್ಲದೆ ನೋಡುವುದು ಹೇಗೆ ಅಂತ ಕೇಳ್ತೀರಲ್ಲ, ಹೀಗೆ. ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ಒಳಗಿನ ನೀರು ಕನ್ನಡಿ ಹಾಗೆ ಇರ್ತದೆ, ಅಲ್ಲಿ ಕತ್ತಲೆ. ಅದೇ ನೀರು ಹೊರಗೆ ಬಿಸಿಲಿಗೆ ತೊಟ್ಟಿಯಲ್ಲಿ ನಿಂತ್ರೆ ಕೆಲವು ವಾರದಲ್ಲಿ ಹಸಿರು. ಆ ಹಸಿರು ಒಂದೊಂದೇ ಕೋಶದ ಜೀವಿಗಳು, ಕೆಲವು ಈಜ್ತವೆ. ಯೂಗ್ಲೀನಾ ಅಂತ ಒಂದು ಉಂಟು, ಒಂದೇ ಕೋಶ, ಬಾಲದ ಹಾಗೆ ಒಂದು ಎಳೆ, ಮುಂಭಾಗದಲ್ಲಿ ಒಂದು ಕೆಂಪು ಚುಕ್ಕೆ. ಆ ಚುಕ್ಕೆ ಪಕ್ಕದ ಬೆಳಕು ಹಿಡಿಯುವ ಭಾಗಕ್ಕೆ ನೆರಳು ಕೊಡ್ತದೆ, ಯೂಗ್ಲೀನಾ ಉರುಳಿ ಉರುಳಿ ಹೋಗುವಾಗ ನೆರಳು ಯಾವಾಗ ಬಿತ್ತು ಅನ್ನುವುದರಿಂದ ಬೆಳಕು ಯಾವ ದಿಕ್ಕಲ್ಲಿ ಉಂಟು ಅಂತ ತಿಳೀತದೆ.

1. ಹಟ್ಟಿ ಹತ್ರದ ತೊಟ್ಟಿ, ಹೂವಿನ ಚಟ್ಟಿಯ ತಟ್ಟೆ, ಎಲ್ಲಿಯಾದ್ರೂ ನೀರೇ ಹಸಿರಾದದ್ದನ್ನು ತನ್ನಿ. ನೂಲಿನ ಹಾಗೆ ಇರುವ ಪಾಚಿ ಬೇಡ, ಮೇಲೆ ತೇಲುವ ಸಣ್ಣ ಎಲೆಯದ್ದೂ ಬೇಡ. ಕೆರೆ, ಮದಕದ ಹತ್ರ ಮಕ್ಕಳನ್ನು ಒಬ್ಬರೇ ಕಳಿಸಬೇಡಿ.
2. ಒಂದು ಗ್ಲಾಸಲ್ಲಿ ಹಾಕಿ ಕಿಟಕಿ ಹತ್ರ ಎರಡು ಗಂಟೆ ಇಡಿ. ಹಸಿರು ಕಿಟಕಿಯ ಬದಿಗೆ ಸರಿದ ಹಾಗೆ ಕಂಡ್ರೆ ಈಜುವಂಥದ್ದು ಉಂಟು ಅಂತ. ಇಲ್ಲದಿದ್ರೆ ಬೇರೆ ತೊಟ್ಟಿ.
3. ಗಾಜಿನ ಬಾಟಲಿಗೆ ಹಾಕಿ ಸುತ್ತಲೂ ಕಪ್ಪು ಚಾರ್ಟ್ ಪೇಪರ್, ಬದಿಯಲ್ಲಿ ಒಂದೇ ಒಂದು ತೂತು. ತೂತು ನಕ್ಷತ್ರದ ಆಕಾರದಲ್ಲೋ ನಿಮ್ಮ ಹೆಸರಿನ ಮೊದಲ ಅಕ್ಷರದ ಆಕಾರದಲ್ಲೋ ಮಾಡಿ.
4. ಕಿಟಕಿಯ ಬೆಳಕಿಗೆ, ಆದ್ರೆ ನೇರ ಬಿಸಿಲಿಗೆ ಬೇಡ, ಬಿಸಿಲು ಜೋರಾದ್ರೆ ಅವು ದೂರ ಹೋಗ್ತವೆ. ನಾಳೆ ಬೆಳಿಗ್ಗೆ ಇಟ್ರೆ ಸಂಜೆ ಪೇಪರ್ ತೆಗೆಯಿರಿ.

ಗಾಜಿನ ಮೇಲೆ ಅದೇ ಅಕ್ಷರ ಹಸಿರಾಗಿ ಬರೆದಿರ್ತದೆ. ಫೋಟೋ ಬೇಗ ತೆಗೀರಿ, ಸ್ವಲ್ಪ ಹೊತ್ತಲ್ಲಿ ಚದುರಿ ಹೋಗ್ತದೆ. ಕೈ ಸೋಪು ಹಾಕಿ ತೊಳೆಯಿರಿ.

ಎರೆಹುಳ, ಮತ್ತೆ ಆ ಹಳದಿ

ಎರೆಹುಳಕ್ಕೆ ಕಣ್ಣಿಲ್ಲ, ಚರ್ಮದಲ್ಲೇ ಬೆಳಕು ಗೊತ್ತಾಗುವ ಕೋಶಗಳು, ತಲೆಯ ಬದಿಗೆ ಹೆಚ್ಚು. ರಾತ್ರಿ ಲೈಟ್ ಆರಿಸಿ ಒದ್ದೆ ಹಾಳೆಯ ಮೇಲೆ ಒಂದನ್ನು ಬಿಟ್ಟು ಮುಂದಿನ ಬದಿಗೆ ಟಾರ್ಚ್ ಹಾಕಿ, ಎಳ್ಕೊಂಡು ಹಿಂದೆ ಹೋಗ್ತದೆ. ಟಾರ್ಚಿಗೆ ಆ ಕೆಂಪು ಜಿಲೇಟಿನ್ ಮೂರು ಪದರ ಕಟ್ಟಿ ಹಾಕಿದ್ರೆ ಅದಕ್ಕೆ ಲಗಾವೇ ಇಲ್ಲ. ಗಿಡದ ಮೊಳಕೆಗೂ ಎರೆಹುಳಕ್ಕೂ ಕೆಂಪು ಒಂದು ಲೆಕ್ಕದಲ್ಲಿ ಕತ್ತಲೆಯೇ. ಐದು ನಿಮಿಷಕ್ಕಿಂತ ಹೆಚ್ಚು ಇಡಬೇಡಿ, ಮೈ ಒಣಗಿದ್ರೆ ಅದಕ್ಕೆ ಉಸಿರಾಟ ಇಲ್ಲ.

ಇನ್ನು ಕೊಳೆತ ಅಡಿಕೆ ಮರದ ಮೇಲಿನ ಹಳದಿ. ನೋಡ್ಲಿಕ್ಕೆ ಅಣಬೆ ಕುಟುಂಬದ್ದು ಅನಿಸ್ತದೆ, ಅಲ್ಲ. ಲೋಳೆ ಜೀವಿ ಅನ್ನಬಹುದು, ಅಷ್ಟು ದೊಡ್ಡದಾಗಿ ಹರಡಿದ್ರೂ ಒಳಗೆ ಗೋಡೆಗಳಿಲ್ಲದ ಒಂದೇ ಕೋಶ, ಮೆದುಳಿಲ್ಲ, ನರ ಇಲ್ಲ. ಬಲೆಯ ಹಾಗೆ ನರನರವಾಗಿ ಹರಡಿದ ಎಳತು ಇದ್ರೆ ಮರದ ಚೂರು ಸಮೇತ ತಂದು, ಒದ್ದೆ ಟಿಶ್ಯೂ ಹಾಸಿದ ಟಿಫಿನ್ ಡಬ್ಬಿಯಲ್ಲಿ ಇಟ್ಟು, ಎರಡು ಸೆಂಟಿಮೀಟರ್ ದೂರ ಎರಡು ಓಟ್ಸ್ ಚೂರು, ಒಂದರ ಸುತ್ತ ನಾಲ್ಕು ಕಣ ಉಪ್ಪು. ಮುಚ್ಚಿ ಕತ್ತಲೆಯಲ್ಲಿಡಿ. ಮನಸ್ಸು ಬಂದ್ರೆ ಮರುದಿವಸಕ್ಕೆ ಉಪ್ಪಿಲ್ಲದ ಓಟ್ಸಿನ ಕಡೆಗೆ ಒಂದು ಹಳದಿ ದಾರಿ ಆಗಿರ್ತದೆ. ಎಲ್ಲ ಜಾತಿಯೂ ಹೀಗೆ ಮಾಡುವುದಿಲ್ಲ, ತುಂಬ ಸಲ ಎರಡೇ ದಿವಸದಲ್ಲಿ ಒಣಗಿ ಹುಡಿಯಾಗಿ ಹೋಗ್ತದೆ, ಆಗ ಮಕ್ಕಳಿಗೆ ಬೇಜಾರಾಗ್ತದೆ, ಇನ್ನೊಂದು ಹುಡುಕಿ. ಇದೇ ಬಗೆಯ ಒಂದು ಜೀವಿಯನ್ನು ಜಪಾನಿನವರು 2000ದಲ್ಲಿ ಗೋಜಲು ದಾರಿಯ ಪೆಟ್ಟಿಗೆಯಲ್ಲಿ ಬಿಟ್ಟು, ಎರಡು ತುದಿಯಲ್ಲಿ ಆಹಾರ ಇಟ್ರೆ ಅದು ಹತ್ತಿರದ ದಾರಿಯನ್ನು ಮಾತ್ರ ಉಳಿಸಿಕೊಂಡಿತು. 2010ರಲ್ಲಿ ಟೋಕಿಯೋ ಸುತ್ತಲಿನ ಊರುಗಳ ಜಾಗದಲ್ಲಿ ಓಟ್ಸ್ ಇಟ್ಟು ನೋಡಿದ್ರೆ ಅಲ್ಲಿನ ರೈಲು ದಾರಿಗೆ ಹೋಲುವ ಬಲೆ ನೇಯ್ದಿತು.

ಒಂದು ದಿವಸ ಪದವಿಗೆ

ರಜೆಯಲ್ಲಿ ಬಿಸಿಲು ಬಂದ ಒಂದು ಬೆಳಿಗ್ಗೆ ಹತ್ತಿರದ ಮುರಕಲ್ಲಿನ ಪದವಿಗೆ, ಅಂದ್ರೆ ಕೆಂಪುಕಲ್ಲಿನ ಬಯಲು ಗುಡ್ಡೆಗೆ ಹೋಗಿ. ನೀರು ಒಸರುವ ಕಡೆ ಹುಲ್ಲಿನ ಮಧ್ಯ ಬಗ್ಗಿ ಹುಡುಕಿದ್ರೆ ಕೆಂಪಗೆ, ಮೈಯೆಲ್ಲ ಮಂಜಿನ ಹನಿ ಹಾಗೆ ಮಿನುಗುವ ಸಣ್ಣ ಗಿಡ ಸಿಕ್ಕಬಹುದು, ಡ್ರಾಸೆರಾ. ಮಣ್ಣಲ್ಲಿ ಸತ್ವ ಇಲ್ಲದ್ದಕ್ಕೆ ನೊಣ ಇರುವೆ ಹಿಡಿದು ತಿನ್ತದೆ. ಕೀಟ ಅಂಟಿದ್ರೆ ಅಂಟು ಕೂದಲುಗಳು ನಿಧಾನ ಅದರ ಕಡೆ ಬಾಗ್ತವೆ. ಬೇಯಿಸಿದ ಮೊಟ್ಟೆಯ ಬಿಳಿ ಸಾಸಿವೆಯಷ್ಟು ಒಂದು ಎಲೆಗೆ, ಮರಳಿನ ಕಣ ಇನ್ನೊಂದು ಎಲೆಗೆ ಇಟ್ಟು, ಗುರುತಿಗೆ ಪಕ್ಕದಲ್ಲಿ ಕಡ್ಡಿ ಊರಿ ಬನ್ನಿ, ಮರುದಿವಸ ಹೋಗಿ ಯಾವುದನ್ನು ಇನ್ನೂ ಹಿಡ್ಕೊಂಡಿದೆ ನೋಡಿ. ದಯವಿಟ್ಟು ಕಿತ್ತು ತರಬೇಡಿ, ಚಟ್ಟಿಯಲ್ಲಿ ಅದು ಬದುಕುವುದಿಲ್ಲ, ಕೆಂಪುಕಲ್ಲು ಕಡಿದು ಕಡಿದು ಪದವೇ ಕಡಿಮೆ ಆಗ್ತಾ ಉಂಟು ನಮ್ಮಲ್ಲಿ, ನಾನು ಸಣ್ಣವಳಿರುವಾಗ ಇದನ್ನು ನೋಡಿದ ಜಾಗದಲ್ಲಿ ಈಗ ದೊಡ್ಡ ಹೊಂಡ.

ಶಾಲೆ ಸುರು ಆಗುವ ಹಿಂದಿನ ದಿವಸ ಎಲ್ಲವನ್ನೂ ವಾಪಸ್ ಮಾಡುವುದು. ಹೆಸರು ಗಿಡ, ಜೋಳ ತರಕಾರಿ ಸಾಲಿಗೆ, ಎರೆಹುಳ ಅಡಿಕೆ ಬುಡಕ್ಕೆ, ಹಸಿರು ನೀರು ತಂದ ತೊಟ್ಟಿಗೇ, ಹಳದಿ ಇದ್ದ ಮರದ ಚೂರು ಅದೇ ಕೊಳೆತ ಮರದ ಹತ್ರ. ಗೆರಟೆ ಕವುಚಿ ಇಡಿ, ನೀರು ನಿಂತ್ರೆ ಸೊಳ್ಳೆ ಆಗ್ತದೆ. ನಾಚಿಕೆಮುಳ್ಳಿನ ಒಂದು ಚಟ್ಟಿಯನ್ನು ಮಾತ್ರ ಜಗಲಿಯಲ್ಲೇ ಇಟ್ಟುಕೊಳ್ಳಿ, ಸಂಜೆ ಶಾಲೆಯಿಂದ ಬಂದ ಮಕ್ಕಳು ಅದು ಎಷ್ಟು ಗಂಟೆಗೆ ಮಲಗ್ತದೆ ಅಂತ ದಿನಾ ಬರೆದಿಟ್ರೆ ಡಿಸೆಂಬರ್ ಬರುವಾಗ ಹಗಲು ಗಿಡ್ಡ ಆದ ಹಾಗೆ ಆ ಹೊತ್ತು ಎತ್ತ ಸರೀತದೆ ಅಂತ ನೋಟ್ ಪುಸ್ತಕದಲ್ಲೇ ಕಾಣ್ತದೆ.